ಕ್ಷೇತ್ರ ನೋಡಿದರು, ಸಂತೆ ಮಾಡಿದರು

ಯಾತ್ರೆಗೆ ಹೋದವರು ಪುಣ್ಯದ ಜೊತೆಗೆ ಒಂದು ಗಂಟನ್ನೂ ಕಟ್ಟಿಕೊಂಡು ಬರುತ್ತಾರೆ. ಪುಣ್ಯದ ಲೆಕ್ಕ ಚಿತ್ರಗುಪ್ತನ ಬಳಿ ಇರುತ್ತದೆ. ಗಂಟಿನ ಲೆಕ್ಕ ಮನೆಯಲ್ಲಿ ಉಳಿದವರ ಬಳಿ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡ ಮೇಲೆ, "ಮತ್ತೇನು ತಂದಿರಿ?" ಎಂದು ಕೇಳದ ಮನೆ ನಮ್ಮಲ್ಲಿ ಅಪರೂಪ. ಚರಿತ್ರೆ ಬರೆಯುವವರು ದೇವಾಲಯದ ಶಾಸನವನ್ನು ಓದುತ್ತಾರೆ, ಗೋಪುರವನ್ನು ಕಟ್ಟಿಸಿದವರ ಹೆಸರನ್ನು ಹುಡುಕುತ್ತಾರೆ. ಯಾತ್ರಿಕನ ಗಂಟನ್ನು ಬಿಚ್ಚಿ ನೋಡುವವರು ಕಡಮೆ. ಒಂದು ಕ್ಷೇತ್ರ ಹೇಗೆ ಹುಟ್ಟಿತೆಂಬುದನ್ನು ಶಾಸನ ಹೇಳೀತು. ಆ ಕ್ಷೇತ್ರದ ಊರು ಹೇಗೆ ಬದುಕಿತೆಂಬುದನ್ನು ಹೇಳುವುದು ಮಾತ್ರ ಆ ಗಂಟೇ.

ಈಚೆಗೆ ನಮ್ಮ ನಗರಗಳ ಮಧ್ಯಮವರ್ಗದವರು ಬ್ಯಾಂಕಾಕಿಗೂ ಹೋಗಿ ಬರುತ್ತಾರೆ. ಹಗಲೆಲ್ಲ ಅಲ್ಲಿನ ಪಚ್ಚೆ ಬುದ್ಧನ ಗುಡಿಯನ್ನು ನೋಡಿ, ಶನಿವಾರ ಭಾನುವಾರ ಸಿಕ್ಕಿದರೆ ಚತುಚಕ್ ಎಂಬ ವಾರದ ಸಂತೆಗೆ ಹೋಗಿ, ಸಾವಿರಾರು ಮಳಿಗೆಗಳ ನಡುವೆ ದಾರಿ ತಪ್ಪಿ, ಚೀಲ ತುಂಬಿಕೊಂಡು ಬರುತ್ತಾರೆ. ನೋಡುವುದೊಂದು, ಕೊಳ್ಳುವುದೊಂದು ಎಂದು ಅವರಿಗೆ ತೋರಬಹುದು. ಆದರೆ ಆ ಸಂತೆ 1982ರಲ್ಲಿ ಈಗಿನ ಸ್ಥಳಕ್ಕೆ ಹೋಗುವ ಮುನ್ನ ಸೇರುತ್ತಿದ್ದುದು ಅರಮನೆಯ ಮತ್ತು ಪಚ್ಚೆ ಬುದ್ಧನ ಗುಡಿಯ ಎದುರಿನ ಸನಾಮ್ ಲುವಾಂಗ್ ಬಯಲಿನಲ್ಲಿಯೇ. ದೇವರ ಎದುರಿನಲ್ಲಿ ಅಂಗಡಿ ಹೂಡುವುದು ಒಂದು ದೇಶದ ರೂಢಿಯಲ್ಲ. ಇದಕ್ಕೆ ಸಾಕ್ಷಿ ಬೇಕಾದರೆ ಸಮುದ್ರ ದಾಟಬೇಕಾಗಿಲ್ಲ. ಮೈಸೂರಿನಿಂದ ಕಪಿಲೆಯ ದಡಕ್ಕೆ ಹೋದರೆ ಸಾಕು.

ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರು ದೂರದಲ್ಲಿ, ಕಪಿಲೆಯ ಬಲದಂಡೆಯ ಮೇಲಿರುವ ನಂಜನಗೂಡು ಹೆಸರಿನಿಂದಲೇ ವೈದ್ಯನ ಊರು. ನಂಜನ್ನು ಉಂಡು ಲೋಕವನ್ನು ಉಳಿಸಿದ ಶಿವನೇ ಇಲ್ಲಿ ನಂಜುಂಡ. ಊರಿಗೆ ಗರಳಪುರಿ ಎಂಬ ಸಂಸ್ಕೃತದ ಹೆಸರೂ ಉಂಟು. ವಿಷವನ್ನು ಅರಗಿಸಿಕೊಂಡವನಿಗೆ ನಮ್ಮ ರೋಗ ಯಾವ ಲೆಕ್ಕ ಎಂಬ ನಂಬಿಕೆಯಿಂದ ಜನ ಹರಕೆ ಹೊತ್ತು ಬಂದರು. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣು ಕೆಟ್ಟಾಗ ಈ ದೇವರಿಗೆ ಸೇವೆ ಮಾಡಿಸಿ ಗುಣ ಕಂಡನೆಂದೂ, ಆಗ ಸುಲ್ತಾನ ದೇವರನ್ನು 'ಹಕೀಂ ನಂಜುಂಡ' ಎಂದು ಕರೆದು ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂದೂ ಐತಿಹ್ಯ. ಟಿಪ್ಪು ಪಟ್ಟಕ್ಕೆ ಬಂದ 1782ರಲ್ಲಿಯೇ ಬ್ಯಾಂಕಾಕು ರಾಜಧಾನಿಯಾದದ್ದು. ಎರಡು ವರ್ಷದಲ್ಲಿ ಅಲ್ಲಿನ ದೊರೆ ತನ್ನ ಪಚ್ಚೆ ಬುದ್ಧನನ್ನು ಹೊಸ ಗುಡಿಯಲ್ಲಿ ಇರಿಸಿದ. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ಒಂದೇ ಕಾಲದ ಎರಡು ನಾಡುಗಳಲ್ಲಿ ಹಸಿರು ಕಲ್ಲಿನ ದೇವರನ್ನು ಕಾಣಲು ಜನ ಬಂದದ್ದೂ, ಬಂದವರಿಗಾಗಿ ಬಾಗಿಲಲ್ಲಿ ಅಂಗಡಿಗಳು ಎದ್ದದ್ದೂ ನೆನೆಯತಕ್ಕ ಸಂಗತಿ.

ಶ್ರೀಕಂಠೇಶ್ವರನ ದೇವಾಲಯ ಮೈಸೂರು ಸೀಮೆಯ ದೊಡ್ಡ ದೇವಾಲಯಗಳಲ್ಲಿ ಒಂದು. ಉದ್ದ 385 ಅಡಿ, ಅಗಲ 160 ಅಡಿ, ಕಂಬಗಳು 147 ಎಂದು ಹಳೆಯ ಗೆಜೆಟಿಯರು ಲೆಕ್ಕ ಕೊಡುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅವರ ರಾಣಿ ದೇವಾಜಮ್ಮಣ್ಣಿಯವರು ಎತ್ತರದ ಗೋಪುರವನ್ನು ಕಟ್ಟಿಸಿದರು. ಅರಮನೆಯ ಭಕ್ತಿ ಗೋಪುರವನ್ನು ಎಬ್ಬಿಸಿತು, ಸರಿ. ಆದರೆ ಗೋಪುರದ ನೆರಳಿನಲ್ಲಿ ಹೂವು, ಹಣ್ಣು, ಕರ್ಪೂರ, ಬಳೆ, ಕುಂಕುಮ ಮಾರಿದವರ ಹೊಟ್ಟೆಯನ್ನು ತುಂಬಿಸಿದ್ದು ಸಾಮಾನ್ಯ ಯಾತ್ರಿಕನ ಮೂರು ಕಾಸು ಆರು ಕಾಸು.

ಯಾತ್ರಿಕ ಬರಬೇಕಾದರೆ ದಾರಿ ಬೇಕು. ದಾರಿಗೆ ಅಡ್ಡವಾಗಿ ಕಪಿಲೆ ಇದ್ದಾಳೆ. ಮಳೆಗಾಲದಲ್ಲಿ ಆಕೆ ಮೈದುಂಬಿ ಬಂದರೆ ದೋಣಿಯವನೂ ಕೈಕಟ್ಟಿ ಕೂರಬೇಕಾಗಿತ್ತು. 1735ರ ಸುಮಾರಿಗೆ ದಳವಾಯಿ ದೇವರಾಜಯ್ಯ ಅಲ್ಲಿ ಕಲ್ಲಿನ ಸೇತುವೆಯನ್ನು ಕಟ್ಟಿಸಿದ. ಎತ್ತಿನ ಗಾಡಿ, ಹೇರೆತ್ತು, ಕಾಲಾಳು, ಪಲ್ಲಕ್ಕಿ ಇವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಸೇತುವೆ ಅದು. 1891ರಲ್ಲಿ ಮೈಸೂರಿನಿಂದ ನಂಜನಗೂಡಿನವರೆಗೆ ರೈಲು ಬಂದಿತು. ಮುಂದೆ ಅದೇ ಸೇತುವೆಯ ಮೇಲೆ ಒಂದು ಮಗ್ಗುಲಲ್ಲಿ ರೈಲು, ಇನ್ನೊಂದು ಮಗ್ಗುಲಲ್ಲಿ ಗಾಡಿಗಳು ಓಡಿದವು. 1926ರಲ್ಲಿ ರೈಲು ಚಾಮರಾಜನಗರಕ್ಕೂ ಮುಂದುವರಿಯಿತು. ಉಗಿಬಂಡಿ ಎಂಬುದನ್ನು ಕನಸಿನಲ್ಲೂ ಕಾಣದ ದಳವಾಯಿಯ ಕಮಾನುಗಳು ಅದರ ಭಾರವನ್ನು ಒಂದು ಶತಮಾನ ಹೊತ್ತವು. ಬ್ರಾಡ್‌ಗೇಜ್ ಮಾರ್ಗ ಬಂದ ಮೇಲೆ ರೈಲು ಹೊಸ ಸೇತುವೆಯನ್ನು ಹಿಡಿಯಿತು. ಹಳೆಯದಕ್ಕೆ ವಿಶ್ರಾಂತಿ ದೊರೆಯಿತು. ಈ ಸೇತುವೆಯನ್ನು ದೇಶದ ಅತಿ ಹಳೆಯ ರೈಲುಸೇತುವೆ ಎಂದು ಹೊಗಳುವುದುಂಟು. ಹೊಗಳಿಕೆ ತಕ್ಕದ್ದೇ, ಆದರೆ ಅದರ ಇನ್ನೊಂದು ಗುಣವನ್ನು ಮರೆಯಬಾರದು. ಹೋಗುವಾಗ ಭಕ್ತನನ್ನೂ ಬರುವಾಗ ಗಿರಾಕಿಯನ್ನೂ ದಾಟಿಸಿದ ಸೇತುವೆ ಅದು.

ನಂಜನಗೂಡಿನ ದೊಡ್ಡ ಜಾತ್ರೆ ಮಾರ್ಚ್ ಅಥವಾ ಏಪ್ರಿಲ್ ತಿಂಗಳಲ್ಲಿ ಬರುತ್ತದೆ. ಅಂದು ಎಳೆಯುವುದು ಒಂದು ತೇರನ್ನಲ್ಲ, ಐದನ್ನು: ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ತೇರುಗಳು. ಗೌತಮ ರಥವೆಂದು ಹೆಸರಾದ ದೊಡ್ಡ ತೇರಿನ ಮಿಣಿಯನ್ನು ಹಿಡಿಯಲು ಸಾವಿರಾರು ಕೈಗಳು ಮುಂದಾಗುತ್ತವೆ. ತೇರು ಕದಲಿದೊಡನೆ ನೆರೆದವರು ಹಣ್ಣುಜವನ ಎಸೆಯುತ್ತಾರೆ. ದವನದ ಕಡ್ಡಿ ಸಿಕ್ಕಿಸಿದ ಆ ಬಾಳೆಹಣ್ಣನ್ನು ಬೆಳೆದವನೊಬ್ಬ, ತಂದವನೊಬ್ಬ, ಮಾರಿದವಳೊಬ್ಬಳು, ಎಸೆದವನು ಇನ್ನೊಬ್ಬ. ತೇರಿನ ಕಲಶ ನೋಡುವವರ ಕಣ್ಣಿಗೆ ಈ ನಾಲ್ವರು ಕಾಣುವುದಿಲ್ಲ.

ಜಾತ್ರೆಗಳು ಬರುವ ಹೊತ್ತನ್ನು ಗಮನಿಸಿರಿ. ಭತ್ತ ರಾಗಿಗಳ ಸುಗ್ಗಿ ಮುಗಿದು ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ. ಮುಂಗಾರು ಉಳುಮೆಗೆ ಇನ್ನೂ ದಿನವಿದೆ. ಎದುರಿಗೆ ಮದುವೆಗಳ ಕಾಲ. ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ಪುಷ್ಯದ ಕೊನೆಗೆ ಜಾತ್ರೆ ಸೇರುತ್ತದೆ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಮುಡುಕುತೊರೆಯಲ್ಲಿ ಮಾಘದ ಹೊತ್ತಿಗೆ. ಎರಡರಲ್ಲಿಯೂ ದನಗಳ ಪರಿಷೆ ಹೆಸರಾದದ್ದು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವವರು, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವ ದಳ್ಳಾಳಿಗಳು, ಕೊಂಬಿಗೆ ಕುಪ್ಪಿಗೆ, ಕೊರಳಿಗೆ ಗಂಟೆ ಮಾರುವವರು ಇವರೆಲ್ಲರಿಗೂ ಅದೇ ಹಬ್ಬ. ಆಮೇಲೆ ನಂಜನಗೂಡಿನ ಸರದಿ. ಬತ್ತಾಸು, ಕಲ್ಯಾಣಸೇವೆ, ಕಡಲೆಪುರಿ, ಬಳೆ, ಬುಗುರಿ, ಪೀಪಿಗಳ ವ್ಯಾಪಾರಿ ತನ್ನ ಗಂಟನ್ನು ಒಂದು ಜಾತ್ರೆಯಲ್ಲಿ ಬಿಚ್ಚಿ, ಕಟ್ಟಿ, ಮತ್ತೊಂದರಲ್ಲಿ ಬಿಚ್ಚುತ್ತಾನೆ. ಪಂಚಾಂಗ ದೇವರಿಗೆ ತಿಥಿಯನ್ನು ಗೊತ್ತು ಮಾಡಿತು. ಅದೇ ಪಂಚಾಂಗ ವ್ಯಾಪಾರಿಗೆ ವರ್ಷದ ಜೀವನವನ್ನೂ ಗೊತ್ತು ಮಾಡಿತು.

ಹೀಗೆ ಬಂದ ಯಾತ್ರಿಕ ನಂಜನಗೂಡಿನಿಂದ ಏನನ್ನು ಒಯ್ದ? ಮೊದಲನೆಯದು ರಸಬಾಳೆ. ತೆಳ್ಳನೆಯ ಸಿಪ್ಪೆ, ಮೃದುವಾದ ತಿರುಳು, ಸಿಹಿಯೊಳಗೆ ಸಣ್ಣದೊಂದು ಹುಳಿ, ಕೋಣೆಯಲ್ಲಿಟ್ಟರೆ ಪಡಸಾಲೆಗೆ ತಿಳಿಯುವ ಪರಿಮಳ ಇದರ ಗುರುತು. ದೇವರಸನಹಳ್ಳಿಯೇ ಮುಂತಾದ ಸುತ್ತಲಿನ ಹಳ್ಳಿಗಳ ಕಪ್ಪು ಮಣ್ಣಿನಲ್ಲಿ ಬೆಳೆದ ಹಣ್ಣಿನ ರುಚಿ ಬೇರೆಯ ಕಡೆಯ ಹಣ್ಣಿಗೆ ಬಾರದೆಂದು ತಿಂದವರ ಮಾತು. ಕಾನೂನೂ ಇದನ್ನು ಒಪ್ಪಿತು. 2005-06ರ ಸಾಲಿನಲ್ಲಿ ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ನೋಂದಣಿ ದೊರೆಯಿತು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆಗಳಿಗೆ ಸಿಕ್ಕಿದಂಥದೇ ಗೌರವ.

ಆದರೆ ಹೆಸರಿಗೆ ಕಾವಲು ಸಿಗುವ ಹೊತ್ತಿಗೆ ಹಣ್ಣು ಕೈಬಿಡುತ್ತಿತ್ತು. ಪನಾಮಾ ಸೊರಗು ರೋಗವೆಂಬುದು ಮಣ್ಣಿನಲ್ಲಿ ಮನೆಮಾಡಿ ಬೇರಿನಿಂದ ಗಿಡವನ್ನು ಹೊಕ್ಕುವ ಶಿಲೀಂಧ್ರದ ರೋಗ. ಎಲೆ ಹಳದಿಯಾಗಿ ಜೋಲುತ್ತದೆ, ದಿಂಡು ಒಳಗಿನಿಂದ ಕೆಡುತ್ತದೆ. ಗಿಡವನ್ನು ಕಿತ್ತರೂ ರೋಗ ಮಣ್ಣಿನಲ್ಲಿ ಹಲವಾರು ವರ್ಷ ಉಳಿಯುತ್ತದೆ. ಆ ಹೊಲದಲ್ಲಿ ಮತ್ತೆ ಅದೇ ಬಾಳೆಯನ್ನು ಇಟ್ಟರೆ ಮತ್ತೆ ಅದೇ ಗತಿ. ರೋಗಿಷ್ಠ ಕಂದನ್ನು ತಂದು ನೆಟ್ಟವನು ರೋಗವನ್ನೂ ತನ್ನ ಹೊಲಕ್ಕೆ ತಂದ. ಇದು ನಂಜನಗೂಡಿನ ದುರದೃಷ್ಟ ಮಾತ್ರವಲ್ಲ. ಮಧ್ಯ ಅಮೆರಿಕದಿಂದ ಹಡಗುಗಟ್ಟಲೆ ಹೋಗುತ್ತಿದ್ದ ಗ್ರೋಸ್ ಮಿಷೆಲ್ ಎಂಬ ಬಾಳೆಯ ದೊಡ್ಡ ತೋಟಗಳನ್ನು ಇದೇ ರೋಗ 1950-60ರ ಹೊತ್ತಿಗೆ ಮುಗಿಸಿತು. ಆ ಜಾಗಕ್ಕೆ ಕ್ಯಾವೆಂಡಿಷ್ ಬಳಗದ ಬಾಳೆ ಬಂದಿತು. ನಮ್ಮ ಅಂಗಡಿಯ ಪಚ್ಚಬಾಳೆ ಅದೇ ಬಳಗದ್ದು. ದೊಡ್ಡ ವ್ಯಾಪಾರಿಗೆ ಒಂದು ತಳಿ ಹೋದರೆ ಇನ್ನೊಂದು ಸಿಕ್ಕೀತು. ತನ್ನ ಹೆಸರನ್ನೇ ಹಣ್ಣಿಗೆ ಕೊಟ್ಟ ಊರಿಗೆ ಇನ್ನೊಂದು ಸಿಕ್ಕುವುದೆಲ್ಲಿಂದ? ಈಗಲೂ ಕೆಲವರು ರೈತರು ಹಟ ಹಿಡಿದು ರಸಬಾಳೆಯನ್ನು ಉಳಿಸಿದ್ದಾರೆ. ಅಂಗಾಂಶ ಕೃಷಿಯಿಂದ ಬೆಳೆಸಿದ ರೋಗವಿಲ್ಲದ ಸಸಿಗಳನ್ನು ನೆಡುವ ಯತ್ನವೂ ನಡೆದಿದೆ. ಆದರೆ ಹಿಂದೆ ಗಾಡಿಗಟ್ಟಲೆ ಮಾರುಕಟ್ಟೆಗೆ ಬರುತ್ತಿದ್ದ ಹಣ್ಣನ್ನು ಈಗ ಹುಡುಕಿಕೊಂಡು ಹೋಗಬೇಕಾಗಿದೆ.

ಗಂಟಿನ ಎರಡನೆಯ ವಸ್ತು ಹಲ್ಲುಪುಡಿ. ವೈದ್ಯನಾದ ದೇವರ ಊರಿನಲ್ಲಿ ಔಷಧದ ವ್ಯಾಪಾರ ಕುದುರಿದ್ದು ಸಹಜವೇ. ಬಿ. ವಿ. ಪಂಡಿತರು 1913ರಲ್ಲಿ ಆರಂಭಿಸಿದ ಸದ್ವೈದ್ಯಶಾಲೆಯಿಂದ ಹೊರಟ ನಂಜನಗೂಡು ಹಲ್ಲುಪುಡಿ ಹಳೆಯ ಮೈಸೂರಿನ ಮನೆಮನೆಯ ಬಚ್ಚಲಿನ ಗೂಡನ್ನು ಸೇರಿತು. ಇದ್ದಿಲು, ಇಟ್ಟಿಗೆಪುಡಿ, ಬೇವಿನ ಕಡ್ಡಿಗಳಿಂದ ಹಲ್ಲುಜ್ಜುತ್ತಿದ್ದ ಜನಕ್ಕೆ ಪೊಟ್ಟಣದಲ್ಲಿ ಬಂದ ಪುಡಿ ಒಂದು ನಾಗರಿಕತೆಯೇ ಆಗಿ ತೋರಿದ್ದರೆ ಆಶ್ಚರ್ಯವಿಲ್ಲ. ಇಲ್ಲಿ ಒಂದು ವಿಶೇಷವನ್ನು ಕಾಣಬೇಕು. ಬಾಳೆಹಣ್ಣು ಯಾತ್ರಿಕನ ಕೈಯಲ್ಲಿ ಎರಡು ಮೂರು ದಿನ ಬಾಳುತ್ತದೆ. ಹಲ್ಲುಪುಡಿ ಯಾತ್ರಿಕನ ನೆರವಿಲ್ಲದೆಯೂ ಪರವೂರಿಗೆ ಹೋಗುತ್ತದೆ. ನಂಜನಗೂಡನ್ನು ಎಂದೂ ನೋಡದವರ ಬಾಯಲ್ಲಿ, ಮಾತಿನ ಎರಡು ಅರ್ಥದಲ್ಲಿಯೂ, ಬೆಳಿಗ್ಗೆ ಎದ್ದೊಡನೆ ನಂಜನಗೂಡಿನ ಹೆಸರು ಬಂದಿತು. 1989ರಲ್ಲಿ ಅದೇ ಊರಿನ ಕೈಗಾರಿಕಾ ಪ್ರದೇಶದಲ್ಲಿ ನೆಸ್ಲೆ ಸಂಸ್ಥೆ ಕಾಫಿಪುಡಿಯ ಕಾರ್ಖಾನೆ ತೆರೆಯಿತು. ಆ ಪುಡಿಯನ್ನು ಕುಡಿಯುವವರಿಗೆ ಅದು ನಂಜನಗೂಡಿನದೆಂಬ ನೆನಪೇನೂ ಇರುವುದಿಲ್ಲ. ಒಂದು ಪುಡಿ ಊರಿನ ಹೆಸರನ್ನು ಹೊತ್ತು ಹೋಯಿತು, ಇನ್ನೊಂದು ಹೆಸರಿಲ್ಲದೆ ಹೋಯಿತು. ಎರಡೂ ಊರಿನವರಿಗೆ ಕೂಲಿ ಕೊಟ್ಟವು. ಒಂದು ಮಾತ್ರ ಊರಿಗೆ ಕೀರ್ತಿಯನ್ನೂ ಕೊಟ್ಟಿತು.

ಮೂರನೆಯದು ಬಟ್ಟೆ. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ 1927ರಲ್ಲಿ ಖಾದಿ ಕೇಂದ್ರ ಆರಂಭವಾಯಿತು. ಗಾಂಧೀಜಿ ಅಲ್ಲಿಗೆ ಬಂದುಹೋದದ್ದನ್ನು ಆ ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಸುತ್ತಲಿನ ಹಳ್ಳಿಗಳ ಹೆಂಗಸರು ನೂಲು ತೆಗೆದು ಸಂಸಾರಕ್ಕೆ ಎರಡು ಕಾಸು ಸೇರಿಸಿದರು. 'ಸಂತೆ ಹೊತ್ತಿಗೆ ಮೂರು ಮೊಳ' ಎಂಬ ಗಾದೆ ನೇಯ್ಗೆಯವನ ಅವಸರವನ್ನು ಹಾಸ್ಯ ಮಾಡುತ್ತದೆ. ಗಾದೆಯ ಒಳಗಿರುವ ಸತ್ಯ ಬೇರೆ: ಸಂತೆ ಇದ್ದುದರಿಂದಲೇ ಆ ಮೂರು ಮೊಳವಾದರೂ ನೇಯಲ್ಪಟ್ಟಿತು. ಕೊಳ್ಳುವವನು ದೂರವಾದಂತೆ ಮಗ್ಗದ ಸದ್ದು ತಗ್ಗಿತು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಕೈಕಸುಬಿನ ಉಳಿವಿಗಾಗಿ ಸತ್ಯಾಗ್ರಹ ಹೂಡಲು ಆರಿಸಿಕೊಂಡದ್ದು ಇದೇ ಬದನವಾಳನ್ನು.

ಇನ್ನು ಕಪಿಲೆಯ ಜೊತೆಯಲ್ಲಿಯೇ ಕೆಳಗೆ ಇಳಿಯೋಣ. ನಂಜನಗೂಡನ್ನು ಬಿಟ್ಟ ಹೊಳೆ ಕಾವೇರಿಯನ್ನು ಸೇರುವುದು ತಿರುಮಕೂಡಲು ನರಸೀಪುರದಲ್ಲಿ. ಎರಡು ನದಿಗಳ ಜೊತೆಗೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಕೂಡುತ್ತದೆಂಬ ನಂಬಿಕೆಯಿಂದ ಇದು ಮೂರರ ಕೂಡಲು. ಮನುಷ್ಯರು ಇಲ್ಲಿ ನೆಲೆಸಿದ್ದು ನಿನ್ನೆ ಮೊನ್ನೆಯಲ್ಲ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ನಡೆದ ಉತ್ಖನನದಲ್ಲಿ ನೂತನ ಶಿಲಾಯುಗದ ಸಮಾಧಿಗಳೂ, ತಲೆದಿಂಬಿನಂಥ ಮಣ್ಣಿನ ವಸ್ತುಗಳೂ ದೊರೆತವು. 1989ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಸುವ ಪದ್ಧತಿ ಬಂದಿದೆ. ನಡುವೆ ಸಾಂಕ್ರಾಮಿಕದ ಕಾಲದಲ್ಲಿ ತಪ್ಪಿ, 2019ರ ಬಳಿಕ ಅದು ನಡೆದದ್ದು 2025ರ ಫೆಬ್ರವರಿಯಲ್ಲಿ. ಮೇಳ ಹೊಸದು, ಕೂಡಲಲ್ಲಿ ಮಿಂದು, ದಡದಲ್ಲಿ ಏನಾದರೊಂದನ್ನು ಕೊಂಡು ಹೋಗುವ ರೂಢಿ ಹಳೆಯದು.

ಈ ಊರಿನ ಗುಂಜಾ ನರಸಿಂಹಸ್ವಾಮಿ ವ್ಯಾಪಾರಿಗಳೂ ಗಿರಾಕಿಗಳೂ ವಿಶೇಷವಾಗಿ ನೋಡಬೇಕಾದ ದೇವರು. ಆತನ ಬಲಗೈ ಬೆರಳುಗಳ ನಡುವೆ ಇರುವುದು ಒಂದು ಗುಲಗಂಜಿ. ಸ್ಥಳದ ಐತಿಹ್ಯದಂತೆ, ಕಾಶಿಗೆ ಹೋಗಬೇಕೆಂದು ಹಂಬಲಿಸಿದ ಒಬ್ಬ ಅಗಸನಿಗೆ ಸ್ವಾಮಿ ಅವನ ಒಗೆಯುವ ಕಲ್ಲಿನ ಬಳಿಯೇ ದೊರೆತ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ತೋರಿಸಿದ. ಪುಣ್ಯವನ್ನು ತೂಗಲು ಅಕ್ಕಸಾಲಿಗನ ತೂಕವನ್ನು ಹಿಡಿದ ಈ ಕಲ್ಪನೆ ಬಲು ಸೊಗಸಾದದ್ದು. ಎಂಟು ಗುಂಜಿಗೆ ಒಂದು ಮಾಷ, ಹನ್ನೆರಡು ಮಾಷಕ್ಕೆ ಒಂದು ತೊಲ ಎಂಬುದು ಪ್ರಸಿದ್ಧವಾದ ಲೆಕ್ಕ. ಆ ಪ್ರಕಾರ ಗುಂಜಿಯೆಂದರೆ ಒಂದು ಗ್ರಾಮಿನ ಎಂಟನೆಯ ಒಂದು ಭಾಗ, ಇಲ್ಲವೆ ಅದಕ್ಕೂ ತುಸು ಕಡಮೆ. ಅಷ್ಟು ಚಿಕ್ಕ ಹೆಚ್ಚುಗಾರಿಕೆಯನ್ನು ಹೇಳಿಕೊಂಡವರು ಜಂಭದವರಲ್ಲ. ಕಾಶಿಯನ್ನು ಹಳಿಯದೆ ತಮ್ಮ ಊರನ್ನು ಒಂದು ಕೂದಲೆಳೆ ಮೇಲಿಟ್ಟ ಜಾಣರು. 1956ರ ಕಾಯಿದೆಯ ಬಳಿಕ ಸೇರು, ಪಾವು, ಮಣ, ತೊಲಗಳು ಹೋಗಿ ಕಿಲೋ, ಲೀಟರುಗಳು ಬಂದವು; 1957ರಲ್ಲಿ ಆಣೆ ಹೋಗಿ ನಯಾಪೈಸೆ ಬಂದಿತು. ಸಂತೆಯ ತಕ್ಕಡಿ ಬದಲಾಯಿತು. ಸ್ವಾಮಿಯ ಕೈಯ ಗುಲಗಂಜಿ ಮಾತ್ರ ಹಾಗೆಯೇ ಇದೆ.

ಇದೇ ತಾಲ್ಲೂಕಿನ ಎರಡು ಪ್ರೇಕ್ಷಣೀಯ ಸ್ಥಳಗಳು ನಮ್ಮ ಮಾತಿಗೆ ಬೇರೊಂದು ಬಗೆಯ ಸಾಕ್ಷಿ ನುಡಿಯುತ್ತವೆ. ತಲಕಾಡು ಗಂಗರ ರಾಜಧಾನಿ; ಹನ್ನೊಂದನೆಯ ಶತಮಾನದ ಮೊದಲಲ್ಲಿ ಚೋಳರ ಕೈಸೇರಿತು; 1117ರ ಸುಮಾರಿಗೆ ಗೆದ್ದ ವಿಷ್ಣುವರ್ಧನ 'ತಲಕಾಡುಗೊಂಡ'ನೆಂದು ಬಿರುದು ಹೊತ್ತ. ರಾಜಧಾನಿಯೆಂದ ಮೇಲೆ ಅಂಗಡಿಬೀದಿ ಇಲ್ಲದೆ ಇದ್ದೀತೆ? ಆ ಬೀದಿಗಳೆಲ್ಲ ಕಾವೇರಿಯ ಮರಳಿನ ಅಡಿಯಲ್ಲಿ ಮಲಗಿವೆ. ಜನ ಅದಕ್ಕೆ ಅಲಮೇಲಮ್ಮನ ಶಾಪವನ್ನು ಕಾರಣ ಹೇಳುತ್ತಾರೆ. 2009, 2013, 2020ರಲ್ಲಿ ಪಂಚಲಿಂಗ ದರ್ಶನ ನಡೆದಾಗ ಮರಳನ್ನು ಸರಿಸಿ ದಾರಿ ಮಾಡಬೇಕಾಯಿತು. ತಲಕಾಡಿನ ಹೆಸರು ಶಾಸನದಲ್ಲಿ ಉಳಿಯಿತು, ನಗರ ಉಳಿಯಲಿಲ್ಲ.

ಸೋಮನಾಥಪುರದ ಕಥೆ ಇನ್ನೊಂದು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 1268ರಲ್ಲಿ ಅಲ್ಲಿ ಕೇಶವ ದೇವಾಲಯವನ್ನು ಕಟ್ಟಿಸಿದ. ಸುತ್ತಲೂ ಅಗ್ರಹಾರವನ್ನು ಬೆಳೆಸಿದ. 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಇದೂ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಶಿಲ್ಪದಲ್ಲಿ ಇದಕ್ಕೆ ನಂಜನಗೂಡು ಸಾಟಿಯಲ್ಲ. ಆದರೆ ಇಲ್ಲಿ ಪೂಜೆ ನಿಂತು ಎಷ್ಟೋ ಕಾಲವಾಯಿತು. ಪೂಜೆ ಇಲ್ಲ, ತೇರಿಲ್ಲ, ತೇರಿಲ್ಲವಾಗಿ ಜಾತ್ರೆಯಿಲ್ಲ. ಪ್ರವಾಸಿ ಬರುತ್ತಾನೆ, ಬೆರಗಾಗುತ್ತಾನೆ, ಚಿತ್ರ ತೆಗೆಯುತ್ತಾನೆ, ಊಟದ ಹೊತ್ತಿಗೆ ಮೈಸೂರಿಗೆ ಹಿಂತಿರುಗುತ್ತಾನೆ. ಆತನ ಚೀಲದಲ್ಲಿ ಸೋಮನಾಥಪುರದ ನೆಲದಲ್ಲಿ ಬೆಳೆದದ್ದೊಂದೂ ಇರುವುದಿಲ್ಲ. ಕಲ್ಲು ಉಳಿದಿದೆ; ಕಲ್ಲಿನ ಸುತ್ತಲಿನ ಜೀವನಕ್ಕೂ ನೋಡುವವನಿಗೂ ಇದ್ದ ನಂಟು ಕಡಿದಿದೆ.

ನಮ್ಮ ಮುಂದಿರುವ ಪ್ರಶ್ನೆ ಇದೇ. ತಲಕಾಡಿನಲ್ಲಿ ಹೆಸರು ಉಳಿದು ನಗರ ಹೋಯಿತು. ಸೋಮನಾಥಪುರದಲ್ಲಿ ಗುಡಿ ಉಳಿದು ಜಾತ್ರೆ ಹೋಯಿತು. ನಂಜನಗೂಡಿನಲ್ಲಿ ಗುಡಿಯೂ ಇದೆ, ಜಾತ್ರೆಯೂ ಇದೆ, ಭಕ್ತರಿಗೆ ಕೊರತೆಯಿಲ್ಲ. ಆದರೆ ಮೈಸೂರಿನಿಂದ ಒಂದು ಗಂಟೆಯೊಳಗೆ ಕಾರಿನಲ್ಲಿ ಬಂದು, ದರ್ಶನ ಮುಗಿಸಿ, ಬಾಗಿಲಲ್ಲಿ ಎಲ್ಲಿಯೋ ಅಚ್ಚುಹಾಕಿದ ಪ್ಲಾಸ್ಟಿಕ್ ಗೊಂಬೆಯೊಂದನ್ನು ಮಗುವಿಗೆ ಕೊಡಿಸಿ ಹೊರಟರೆ, ನಮ್ಮ ಗಂಟಿನಲ್ಲಿ ನಂಜನಗೂಡು ಇರುವುದಿಲ್ಲ. ಅದೇ ಗೊಂಬೆ ಧರ್ಮಸ್ಥಳದಲ್ಲಿಯೂ ಸಿಗುತ್ತದೆ, ಬ್ಯಾಂಕಾಕಿನಲ್ಲಿಯೂ ಸಿಕ್ಕೀತು. ಊರನ್ನು ನೋಡಿದೆವೆಂದು ಹೇಳಬಹುದು. ಆ ಊರು ನಮ್ಮಿಂದ ಬದುಕಿತೆಂದು ಹೇಳಲಾಗದು.

ಸರ್ಕಾರ ಸಸಿ ಕೊಟ್ಟೀತು, ನೋಂದಣಿ ಹೆಸರನ್ನು ಕಾಪಾಡೀತು. ರಸಬಾಳೆಯನ್ನು ಕೊಳ್ಳಲು ಸರ್ಕಾರ ಸಂತೆಗೆ ಬರುವುದಿಲ್ಲ. ಆ ಕೆಲಸ ಯಾತ್ರಿಕನದು. ಹಣ್ಣಿನ ಅಂಗಡಿಯಲ್ಲಿ "ಇದು ಎಲ್ಲಿಯ ತೋಟದ್ದು?" ಎಂದು ಕೇಳುವುದು, ನಿಜವಾದ ರಸಬಾಳೆಯೆಂದು ತಿಳಿದಾಗ ಚಿಪ್ಪಿಗೆ ನಾಲ್ಕು ರೂಪಾಯಿ ಹೆಚ್ಚಾದರೂ ಗೊಣಗದೆ ಕೊಡುವುದು, ಬದನವಾಳಿನ ದಾರಿಯಲ್ಲಿ ಹೋದಾಗ ಒಂದು ಟವೆಲ್ಲನ್ನಾದರೂ ಕೊಂಡು ತರುವುದು ಇವೇನೂ ಮಹಾತ್ಯಾಗಗಳಲ್ಲ. ನಮ್ಮ ಹಿರಿಯರು ದೇಶೋದ್ಧಾರದ ಮಾತೆತ್ತದೆ ವರ್ಷವರ್ಷವೂ ಮಾಡಿದ್ದು ಇಷ್ಟನ್ನೇ. ಅವರು ಹಣ್ಣು ಕೊಂಡದ್ದು ಮಕ್ಕಳು ಕಾಯುತ್ತಿದ್ದಾರೆಂದು. ಅದರಿಂದ ತೋಟ ಉಳಿಯಿತು. ತೋಟದಿಂದ ಊರಿಗೆ ಹೆಸರು ಬಂದಿತು, ಹೆಸರಿನಿಂದ ಮತ್ತೆ ಯಾತ್ರಿಕ ಬಂದ.

ನರಸೀಪುರದ ಸ್ವಾಮಿಯ ತಕ್ಕಡಿಯಲ್ಲಿ ಒಂದು ಗುಲಗಂಜಿ ಕಾಶಿಯನ್ನೇ ತೂಗಿತಂತೆ. ನಾವು ಕೊಂಡ ಒಂದು ಚಿಪ್ಪು ಹಣ್ಣಿನ ತೂಕವೂ ಒಂದು ಊರಿನ ಲೆಕ್ಕದಲ್ಲಿ ವ್ಯರ್ಥವಾಗಲಾರದು.